ಬಾಡಿಗೆ ಪಿಕಪ್‌ನಲ್ಲಿ ಆರು ಸೈಕಲ್: ಗಾಡಿಗೆ ತೂತು ಕೊರೆಯದೆ, ಕಡಿಮೆ ಖರ್ಚಲ್ಲಿ ಸ್ಟ್ಯಾಂಡ್ ಮಾಡೋದು ಹೇಗೆ?

ಗಾಲಿ_ಗೋಜು:

ಬೈಕ್ ಅಂದ ತಕ್ಷಣ ಬುಲೆಟ್ಟು, ಸ್ಪ್ಲೆಂಡರ್ರು ಅಂತ ಓಡಬೇಡಿ, ಇದು ತುಳಿಯೋ ಸೈಕಲ್ ವಿಷಯ. ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರಿಗೆ ಆರು ಸೈಕಲ್ ಹೋಗಬೇಕು. ಗೊತ್ತು ಮಾಡಿರೋದು 8 ಅಡಿಯ ಗೂಡ್ಸ್ ಪಿಕಪ್, ಬಾಡಿಗೆಯದು. ತೊಟ್ಟಿಯ ಒಳ ಅಳತೆ ಉದ್ದ 2,490 ಮಿಮೀ, ಅಗಲ 1,690 ಮಿಮೀ. ಪಕ್ಕದ ಡೋರುಗಳು ಮೊಣಕಾಲೆತ್ತರ ಅಷ್ಟೇ. ಕ್ಯಾಬಿನ್ ಹಿಂದೆ ಕಬ್ಬಿಣದ ಗ್ರಿಲ್ ಇದೆ.

ಸೈಕಲ್‌ಗಳು: ಎರಡು ರೋಡ್ ಬೈಕ್ (ಒಂದು ಕಾರ್ಬನ್, ಮುಂದೆ 12 ಮಿಮೀ ಥ್ರೂ ಆಕ್ಸಲ್, ಅಂದರೆ ಗಾಲಿಯನ್ನು ತೂರಿ ಹೋಗೋ ದಪ್ಪ ಅಚ್ಚು), ಎರಡು 29 ಇಂಚಿನ ಎಂಟಿಬಿ (ಮೌಂಟನ್ ಬೈಕ್, ಹ್ಯಾಂಡಲ್ ಅಗಲ 740 ಮಿಮೀ), ಒಂದು ಹೈಬ್ರಿಡ್, ಒಂದು 20 ಇಂಚಿನ ಮಕ್ಕಳ ಸೈಕಲ್. ಗಾಡಿಗೆ ಒಂದು ಸ್ಕ್ರೂ ಕೂಡ ಹಾಕೋ ಹಾಗಿಲ್ಲ. ಮೂರು ಸಾವಿರದೊಳಗೆ ಮುಗಿಯಬೇಕು. ಪಿವಿಸಿ ಪೈಪಲ್ಲಿ ಮಾಡಬಹುದು ಅಂತಾರೆ, ಮರದಲ್ಲೂ ಅಂತಾರೆ. ಯಾವುದು ತಾಳತ್ತೆ?

---

ಗರಗಸ_42:

ಈ ಅಳತೆಗೆ ಮರವೇ ಸರಿ. ಮುಂದಿನ ಗಾಲಿ ಬಿಚ್ಚೋ ಅಗತ್ಯವೂ ಇಲ್ಲ. ಪೂರ್ತಿ ಸೈಕಲ್ ಉದ್ದ 1.7 ರಿಂದ 1.9 ಮೀಟರ್, ನಿಮ್ಮ ಹತ್ತಿರ ಎರಡೂವರೆ ಮೀಟರ್ ಇದೆ. ಕಷ್ಟ ಇರೋದು ಅಗಲದಲ್ಲಿ.

ಮೊದಲು ನೆಲದ ಚೌಕಟ್ಟು. 3x2 ಇಂಚಿನ ಕಾಡುಮರದ ತುಂಡು ಮೂರು, ಒಂದೊಂದೂ 1,680 ಮಿಮೀ. ಅಂದರೆ ಎರಡು ಪಕ್ಕಕ್ಕೂ ಸೇರಿ 10 ಮಿಮೀ ಬಿಡುವು, ಅಷ್ಟೇ. ಉಳಿದ ಸಂದಿಗೆ ಮರದ ಆಪು (ಬೆಣೆ) ಬಡಿದರೆ ಇಡೀ ಚೌಕಟ್ಟು ಗೋಡೆಯಿಂದ ಗೋಡೆಗೆ ಬಿಗಿಯಾಗಿ ನಿಲ್ಲತ್ತೆ, ಸ್ಕ್ರೂ ಬೇಕಾಗಲ್ಲ. ತುಂಡನ್ನು 2 ಇಂಚು ಎತ್ತರ ಬರೋ ಹಾಗೆ ಮಲಗಿಸಿ ಇಡಿ. ಅದರ ಮೇಲೆ ಉದ್ದಕ್ಕೆ 2x1 ಇಂಚಿನ ರೀಪರ್, ಆರಡಿಯದು, ಹತ್ತು. ಎರಡೆರಡು ರೀಪರ್ ಜೋಡಿ ಒಂದು ಸೈಕಲ್‌ಗೆ ಒಂದು ಓಣಿ, ಮಕ್ಕಳದ್ದು ಬಿಟ್ಟು ಐದು ಓಣಿ. ರೀಪರ್ ನಡುವಿನ ಸಂದಿ ಎಂಟಿಬಿಗೆ 65 ಮಿಮೀ, ರೋಡ್ ಬೈಕ್‌ಗೆ 35. ಟೈರು ಆ ಸಂದಿಯಲ್ಲಿ ಇಳಿದು ತೊಟ್ಟಿಯ ನೆಲಕ್ಕೇ ಕೂರಬೇಕು, ಅಡ್ಡಮರದ ಮೇಲೆ ಅಲ್ಲ. ಅದಕ್ಕೇ ಮೊದಲ ಅಡ್ಡಮರವನ್ನು ಗ್ರಿಲ್ ಕಡೆಯ ಗಾಲಿಯ ಹಿಂದೆ, ಗಾಲಿ ನೆಲ ಮುಟ್ಟೋ ಜಾಗದಿಂದ 175 ಮಿಮೀ ದೂರಕ್ಕೆ ಇಡಿ. 2 ಇಂಚು ಎತ್ತರದ ಮರಕ್ಕೆ 700ಸಿ ಗಾಲಿ (ರೋಡ್ ಬೈಕಿನ ಅಳತೆ) ತಾಗೋದು ಸರಿಯಾಗಿ ಅಲ್ಲೇ. ಎರಡನೆಯದು ಪೆಡಲ್ ಕೆಳಗೆ, ಮೂರನೆಯದು ಇನ್ನೊಂದು ಗಾಲಿಯ ಆಚೆ.

ನೆಲದಲ್ಲಿ ಮಾತ್ರ ಹಿಡಿದರೆ ಸಾಲದು. ಬುಡ ಗಟ್ಟಿ, ತಲೆ ಸಡಿಲ ಅಂದರೆ ಪ್ರತಿ ತಿರುವಿನಲ್ಲೂ ಸೈಕಲ್ಲಿನ ಭಾರ ಪೂರ್ತಿ ರಿಮ್ಮನ್ನು ಮುರಿದು ಹಾಕೋ ಸನ್ನೆಗೋಲಾಗತ್ತೆ. ಕಡ್ಡಿ ಬಾಗೋದು, ಡಿಸ್ಕ್ ರೋಟರ್ (ಬ್ರೇಕಿನ ತಟ್ಟೆ) ಸೊಟ್ಟಗಾಗೋದು ಹೀಗೇ. ಹಾಗಾಗಿ ಗಾಲಿಯನ್ನು ಎರಡು ಕಡೆ ಹಿಡೀಬೇಕು: ನೆಲದಲ್ಲಿ ಒಂದು, ಆಕ್ಸಲ್ ಎತ್ತರದಲ್ಲಿ ಇನ್ನೊಂದು. ಎರಡನೆಯದಕ್ಕೆ ಗುಜರಿಯ ಪ್ಯಾಲೆಟ್ಟು. 1200x1000 ಅಳತೆಯದು ಒಂದು, ಜೊತೆಗೆ ಇನ್ನೊಂದರಿಂದ ಕೊಯ್ದ ಅರ್ಧ. ಎರಡನ್ನೂ ಗ್ರಿಲ್‌ಗೆ ಒರಗಿಸಿ ನಿಲ್ಲಿಸಿ ಹಗ್ಗದಿಂದ ಬಿಗಿಯಿರಿ. ಪಟ್ಟಿಗಳು ನೆಟ್ಟಗೆ ನಿಂತಿರಬೇಕು. ಅವನ್ನು ಕಿತ್ತು ನಿಮ್ಮ ಓಣಿಗಳಿಗೆ ಸರಿಯಾಗಿ ಮತ್ತೆ ಹೊಡೀರಿ. ಗಾಲಿಯ ಮುಂಗಡೆ ಎರಡು ಪಟ್ಟಿ ನಡುವೆ ಎರಡು ಇಂಚಿನಷ್ಟು ಒಳಗೆ ತೂರಿ ನಿಲ್ಲತ್ತೆ.

ಈಗ ಓಣಿಗಳ ಜಾಗ. ಎಡಗೋಡೆಯಿಂದ ಮಧ್ಯರೇಖೆಗೆ ಅಳತೆ: 230, 470, 850, 1230, 1470. ಎರಡು ಅಂಚಿಗೆ ರೋಡ್ ಬೈಕು, ನಡುವೆ ಹೈಬ್ರಿಡ್ಡು, ಇವು ಮೂರೂ ಮುಂದಕ್ಕೆ ಮುಖ. 470, 1230ರಲ್ಲಿ ಎಂಟಿಬಿ, ಹಿಂದಕ್ಕೆ ಮುಖ. ಅಂಚಿಗೆ ಎಂಟಿಬಿ ಹಾಕಿದರೆ ಹ್ಯಾಂಡಲ್ಲು ಬಾಡಿಯಿಂದ ಆಚೆ ಚಾಚತ್ತೆ. ಪಕ್ಕದ ಡೋರು ಗಿಡ್ಡ ಇರೋದರಿಂದ ಅದನ್ನು ತಡೆಯೋದು ಏನೂ ಇಲ್ಲ, ಎದುರಿಗೆ ಬರೋ ಬಸ್ಸು ಬಿಟ್ಟರೆ. ಈ ಲೆಕ್ಕದಲ್ಲಿ ಎರಡು ಎಂಟಿಬಿ ಹ್ಯಾಂಡಲ್ ನಡುವೆ 20 ಮಿಮೀ ಉಳಿಯತ್ತೆ. 760 ಹ್ಯಾಂಡಲ್ ಆಗಿದ್ದರೆ ತಾಗುತ್ತಿತ್ತು.

ಎದುರುಬದುರು ನಿಲ್ಲಿಸಿದಾಗ ಒಬ್ಬರ ಹ್ಯಾಂಡಲ್ಲಿಗೆ ಪಕ್ಕದವರ ಸೀಟು ಬಡಿಯತ್ತೆ, ಎತ್ತರ ಹೆಚ್ಚುಕಮ್ಮಿ ಒಂದೇ. ಐದರ ಸೀಟನ್ನೂ ಪೂರ್ತಿ ಇಳಿಸಿ. ಇಳಿಸೋ ಮುಂಚೆ ಸೀಟ್‌ಪೋಸ್ಟ್‌ಗೆ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ ಗುರುತಿಟ್ಟರೆ ಮರಳಿ ಏರಿಸೋವಾಗ ಗೋಳಿಲ್ಲ. ಎರಡೂ ಅಂಚಿನಲ್ಲಿ ರೋಡ್ ಬೈಕಿಗೂ ಪಕ್ಕದ ಎಂಟಿಬಿಗೂ ನಡುವೆ 240 ಮಿಮೀ ಮಾತ್ರ ಇದೆ, ಪೆಡಲ್ ಹಿಡಿಸಲ್ಲ. ಒಳಮುಖದ ಪೆಡಲ್ ಬಿಚ್ಚಿ, 15 ಮಿಮೀ ಸ್ಪ್ಯಾನರ್ ಸಾಕು. ಎಡ ಪೆಡಲ್ಲಿನದು ಉಲ್ಟಾ ಥ್ರೆಡ್ಡು. ಸ್ಪ್ಯಾನರ್ ಮೇಲಕ್ಕೆ ನಿಲ್ಲಿಸಿ ಹಿಂದಿನ ಗಾಲಿ ಕಡೆಗೆ ಎಳೆದರೆ ಎರಡೂ ಸಡಿಲ ಆಗತ್ತೆ ಅಂತ ನೆನಪಿಟ್ಟರೆ ಸಾಕು.

ಪ್ಯಾಲೆಟ್ ಕೊಳ್ಳುವಾಗ ಮುದ್ರೆ ನೋಡಿ. ‘ಎಚ್‌ಟಿ’ ಅಂತಿದ್ದರೆ ಬಿಸಿ ಮಾಡಿ ಹುಳ ಸಾಯಿಸಿದ್ದು. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಗರಗಸದಲ್ಲಿ ಕೊಯ್ಯೋದು ಬೇಡ. ಹಳೆ ಮೊಳೆ ಒಂದೂ ತಲೆ ಎತ್ತಿರಬಾರದು, ಅಂಗೈಗೆ ಬಟ್ಟೆ ಸುತ್ತಿ ಸವರಿ ನೋಡಿ. ಕಾಡುಮರಕ್ಕೆ ನೇರ ಸ್ಕ್ರೂ ತಿರುಗಿಸಿದರೆ ಸೀಳತ್ತೆ, ಮೊದಲು 3 ಮಿಮೀ ತೂತು ಹಾಕಿ ಆಮೇಲೆ ತಿರುಗಿಸಿ.

---

ಟೀ_ಎಲ್ಬೋ:

ಪಿವಿಸಿ ಪಕ್ಷದಿಂದ ಎರಡು ಮಾತು. ಒಂದೋ ಎರಡೋ ಸೈಕಲ್‌ಗೆ ಇದಕ್ಕಿಂತ ಸುಲಭದ್ದಿಲ್ಲ, ಐದಕ್ಕೆ ನಾನೂ ಬೇಡ ಅಂತಲೇ ಹೇಳೋದು.

ಒಂದು ಸೈಕಲ್‌ಗೆ 1 ಇಂಚಿನ ಬಿಳಿ ಯುಪಿವಿಸಿ ಪ್ಲಂಬಿಂಗ್ ಪೈಪು 3 ಮೀಟರಿನ ಒಂದು ಉದ್ದ, 4 ಎಲ್ಬೋ (ಮೂಲೆ ಜೋಡಣೆ), 4 ಟೀ (ಮೂರು ಬಾಯಿಯ ಜೋಡಣೆ), 4 ಕ್ಯಾಪ್. ಹೊಲಕ್ಕೆ ಹಾಕೋ ತೆಳು ಪೈಪು ತರಬೇಡಿ, ಅಂಗೈಯಲ್ಲಿ ಅದುಮಿದರೇ ಚಪ್ಪಟೆ ಆಗತ್ತೆ. ಎಲ್ಬೋ ನಾಲ್ಕು ಮೂಲೆಗೆ, ನೆಲದಲ್ಲೊಂದು ಉದ್ದನೆ ಆಯತ. ಉದ್ದದ ಎರಡೂ ಬದಿಯಲ್ಲಿ ಎರಡೆರಡು ಟೀ ಬಾಯಿ ಮೇಲೆ ಮಾಡಿ. ಮುಂದಿನ ಎರಡಕ್ಕೆ 450 ಮಿಮೀ ಕಂಬ, ಹಿಂದಿನ ಎರಡಕ್ಕೆ 250. ಟೀಯಿಂದ ಟೀಗೆ 350 ಮಿಮೀ ತುಂಡು, ಟೀಯಿಂದ ಎಲ್ಬೋಗೆ 60. ಗಾಲಿ ನಾಲ್ಕು ಕಂಬಗಳ ನಡುವೆ ತೂರತ್ತೆ.

ಎಡವೋದು ಎಲ್ಲಿ ಅಂದರೆ ಸಂದಿಯಲ್ಲಿ. ಎಲ್ಬೋ ಎರಡನ್ನು ಎದುರುಬದುರು ಒತ್ತಿ ಕೂರಿಸಿದರೂ ಕಂಬದಿಂದ ಕಂಬಕ್ಕೆ ಸುಮಾರು 45 ಮಿಮೀ ಉಳಿಯತ್ತೆ, ಅದಕ್ಕಿಂತ ಕಡಿಮೆ ಬರಲ್ಲ. 2 ಇಂಚಿನ ಟೈರಿಗೆ ಸ್ವಲ್ಪ ಹಿಗ್ಗಿಸಿಕೊಂಡರಾಯಿತು, ಆದರೆ 28 ಮಿಮೀ ರೋಡ್ ಟೈರು ಅದರೊಳಗೆ ಜೋಕಾಲಿ ಆಡತ್ತೆ. ಕಂಬಕ್ಕೆ ಹಳೆ ಟ್ಯೂಬ್ ಸುತ್ತಿ ಸುತ್ತಿ ಸಂದಿ ಕಿರಿದು ಮಾಡಬೇಕು.

ಇನ್ನೊಂದು: ಮೊದಲು ಎಲ್ಲಾ ಒಣಗೇ ಜೋಡಿಸಿ, ಪ್ರತಿ ಜೋಡಣೆಯ ಮೇಲೂ ಮಾರ್ಕರ್‌ನಲ್ಲಿ ಗೆರೆ ಎಳೆದು, ಆಮೇಲೆ ಬಿಚ್ಚಿ ಒಂದೊಂದೇ ಸಾಲ್ವೆಂಟ್ (ಪೈಪಿನ ಅಂಟು) ಹಾಕಿ. ಸಾಲ್ವೆಂಟ್ ಕೆಲವೇ ಸೆಕೆಂಡಲ್ಲಿ ಹಿಡಿಯತ್ತೆ, ಟೀ ಒಂದು ಹತ್ತು ಡಿಗ್ರಿ ವಾರೆಯಾದರೆ ಆ ಟೀ, ಆ ತುಂಡು ಎರಡೂ ಕಸಕ್ಕೆ. ಒಂದು ದಿನ ಒಣಗಲು ಬಿಡಿ. ಮುರಿಯೋದು ಯಾವತ್ತೂ ಪೈಪಿನ ನಡುವೆ ಅಲ್ಲ, ಟೀಯ ಕುತ್ತಿಗೆಯಲ್ಲಿ. ತಾರಸಿಯಲ್ಲಿ ಬಿಸಿಲಿಗಿಟ್ಟ ಸ್ಟ್ಯಾಂಡು ಬೇಗ ಪೆಡಸಾಗತ್ತೆ, ಆಮೇಲೆ ರಸ್ತೆಯ ಒಂದೇ ಹಂಪ್‌ಗೆ ಚಟಕ್ಕನೆ ಹೋಗತ್ತೆ. ಇದು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸೋಕೆ ಇರೋದು, ಹಿಡಿಯೋ ಕೆಲಸ ಬೆಲ್ಟಿನದು.

---

ಹುಬ್ಳಿ_ಹ್ಯಾಂಡಲ್:

ಸ್ಟ್ಯಾಂಡಿನ ಮಾತು ಬಾಳ ಆತು, ಕಟ್ಟೋದು ಯಾರೂ ಹೇಳವಲ್ರಿ. ಗೂಡ್ಸ್ ಪಿಕಪ್ಪಿನ ಹಿಂದಿನ ಪಟ್ಟಿ ಸ್ಪ್ರಿಂಗ್ ಒಂದು ಟನ್ನಿಗೂ ಮ್ಯಾಲ ಹೊರಾಕ ಮಾಡಿದ್ದು. ನಿಮ್ಮ ಆರು ಸೈಕಲ್ ಕೂಡಿ ನೂರು ಕಿಲೋ ಸುದ್ದ ಆಗಂಗಿಲ್ಲ. ಅಂದ್ರ ಗಾಡಿ ಖಾಲಿ ಇದ್ದಂಗನ. ಖಾಲಿ ಗಾಡಿ ಹಂಪ್ ಮ್ಯಾಲ ಹೆಂಗ ಜಿಗೀತದ ಗೊತ್ತೈತಲ್ಲ? ಸೈಕಲ್ ಬಾಜೂಕ ಬೀಳೂದಕಿಂತ ಮ್ಯಾಲ ಎಗರೂದ ಜಾಸ್ತಿ. ಎಗರಿ ಇಳಿಯುವಾಗ ಓಣಿ ತಪ್ಪಿದ್ರ ನಿಮ್ಮ ರೀಪರ್ರು, ಪ್ಯಾಲೆಟ್ಟು ಎಲ್ಲಾ ದಂಡ.

ಅದಕ್ಕ ಬೆಲ್ಟ್ ಕೆಳಗ ಎಳೀಬೇಕು, ಬಾಜೂಕ ಅಲ್ಲ. 25 ಮಿಮೀ ಅಗಲದ ಕ್ಯಾಮ್ ಬಕಲ್ ಬೆಲ್ಟ್ ತಗೋರಿ. ರಾಚೆಟ್ ಬ್ಯಾಡ, ಅದರ ಹಿಡಿಕಿ ಎಳದಷ್ಟೂ ಬಿಗೀತದ, ಎಲ್ಲಿ ನಿಲ್ಲಿಸಬೇಕು ಕೈಗೆ ತಿಳಿಯಂಗಿಲ್ಲ. ಕ್ಯಾಮ್ ಬಕಲ್‌ದಾಗ ನಿಮ್ಮ ತೋಳಿನ ಬಲದಷ್ಟ ಬಿಗೀತದ, ಸೈಕಲ್ಲಿಗೆ ಅಷ್ಟ ಸಾಕು. ಕಾರ್ಬನ್ ಫ್ರೇಮಿನ ಪೈಪಿಗೆ ಯಾವ ಬೆಲ್ಟೂ ಬ್ಯಾಡ. ರಿಮ್ಮಿನ ಮ್ಯಾಲಿಂದ ಹಾಯಿಸಿ ಕೆಳಗ ಅಡ್ಡಮರಕ್ಕ ಬಿಗೀರಿ, ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು. ಆಮ್ಯಾಲ ಎಲ್ಲಾ ಸೈಕಲ್ಲಿನ ಸೀಟಿನ ಬುಡ ಹಾಯಿಸಿ ಒಂದು ಉದ್ದ ಬೆಲ್ಟ್, ಎಡಗಡೆ ಕೊಕ್ಕಿಯಿಂದ ಬಲಗಡೆ ಕೊಕ್ಕಿಗೆ. ಇದನ್ನ ಸಡಿಲ ಬಿಡ್ರಿ, ವಾಲದಂಗ ತಡದ್ರ ಸಾಕು. ಬೆಲ್ಟ್ ಡೋರಿನ ತಗಡಿನ ಅಂಚಿಗಿ ಉಜ್ಜೂ ಕಡೆ ನೀರಿನ ಪೈಪ್ ಉದ್ದಕ ಸೀಳಿ ಹೊಚ್ಚರಿ.

ಕಾಸಿಲ್ಲದ ಸಾಮಾನು ಅಂದ್ರ ಹಳೆ ಟ್ಯೂಬ್. ಪಂಚರ್ ಅಂಗಡ್ಯಾಗ ಕೇಳ್ರಿ, ಬುಟ್ಟಿಗಟ್ಟಲೆ ಬಿದ್ದಿರ್ತಾವ. ವಾಲ್ವ್ ಕತ್ತರಿಸಿ ತಗದು ಉದ್ದಕ ಸೀಳಿದ್ರ ಎರಡು ಪಟ್ಟಿ. ಮುಂದಿನ ಬ್ರೇಕ್ ಲಿವರ್ ಒತ್ತಿ ಹಿಡದು ಹ್ಯಾಂಡಲ್ಲಿಗೆ ಈ ಪಟ್ಟಿ ಸುತ್ತಿ ಗಂಟ ಹಾಕ್ರಿ, ಗಾಲಿ ಉರುಳಂಗಿಲ್ಲ. ಆದ್ರ ಗಾಲಿ ಬಿಚ್ಚಿದ ಹೈಡ್ರಾಲಿಕ್ ಡಿಸ್ಕ್ ಸೈಕಲ್ಲಿಗೆ ಇದನ್ನ ಮಾಡಬ್ಯಾಡ್ರಿ. ನಡುವ ರೋಟರ್ ಇಲ್ಲದ ಲಿವರ್ ಒತ್ತಿದ್ರ ಪಿಸ್ಟನ್ ಹೊರಗ ಬಂದು ಪ್ಯಾಡ್ ಎರಡೂ ಅಂಟಕೋತಾವ, ಊರು ಮುಟ್ಟಿದ ಮ್ಯಾಲ ಗಾಲಿ ಒಳಗ ಹೋಗಂಗಿಲ್ಲ. ಗಾಲಿ ಬಿಚ್ಚಿದ್ರ ಪ್ಯಾಡ್ ನಡುವ ರಟ್ಟಿನ ತುಂಡು ನಾಕು ಮಡಿಕಿ ಮಾಡಿ ಸಿಗಿಸಿ ಬಿಡ್ರಿ.

ಹಿಂದಿನ ಗೇರ್ ದೊಡ್ಡ ಹಲ್ಲಿನ ಚಕ್ರಕ್ಕ ಹಾಕಿ ನಿಲ್ಲಿಸ್ರಿ, ಡಿರೇಲರ್ (ಚೈನ್ ಗೇರಿಂದ ಗೇರಿಗೆ ದಾಟಿಸೂ ಭಾಗ) ಒಳಗ ಸರೀತದ. ಅದನ್ನ ಫ್ರೇಮಿಗೆ ಹಿಡದಿರೂ ಹ್ಯಾಂಗರ್ ಮೆತ್ತಗಿನ ಅಲ್ಯೂಮಿನಿಯಂ, ಬಾಜೂದವರ ಕ್ರ್ಯಾಂಕ್ ಒಮ್ಮೆ ಬಡದ್ರ ಬಾಗ್ತದ. ಮಕ್ಕಳ ಸೈಕಲ್ ಹಿಂದ ಉಳದ ಜಾಗದಾಗ ಕೌದಿ ಹಾಸಿ ಅಡ್ಡ ಮಲಗಿಸ್ರಿ, ಚೈನ್ ಇದ್ದ ಬದಿ ಮ್ಯಾಲ. ಅದಕ್ಕೂ ಒಂದು ಬೆಲ್ಟ್ ಬೇಕು.

---

ಲೇತ್‌ಮನೆ:

ಫೋರ್ಕ್ ಮೌಂಟ್ (ಮುಂದಿನ ಗಾಲಿ ಬಿಚ್ಚಿ, ಅದನ್ನು ಹಿಡಿಯೋ ಕವಲಿನ ತುದಿಯನ್ನೇ ಮರಕ್ಕೆ ಬಿಗಿಯೋದು) ಬಗ್ಗೆ ಯಾರೂ ಬರೆದಿಲ್ಲ. 8 ಅಡಿ ಗಾಡಿಗೆ ಬೇಕಿಲ್ಲ, ಆದರೆ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ, ಗಿಡ್ಡ ತೊಟ್ಟಿಯ ಪಿಕಪ್) ಇಟ್ಟುಕೊಂಡವರು ಈ ಪುಟಕ್ಕೆ ಬಂದೇ ಬರ್ತಾರೆ, ಹಾಗಾಗಿ ಇಲ್ಲೇ ಇರಲಿ.

ಕ್ವಿಕ್ ರಿಲೀಸ್ (ಹಿಡಿಕೆ ತಿರುಗಿಸಿ ಗಾಲಿ ಬಿಚ್ಚೋ ಮಾದರಿ) ಫೋರ್ಕಿಗೆ ಅತ್ಯಂತ ಅಗ್ಗದ್ದು ಹಳೆ ಮುಂದಿನ ಹಬ್. ಕಡ್ಡಿ ಕತ್ತರಿಸಿ ಬಿಸಾಡಿದ ಹಬ್ಬು ರಿಪೇರಿ ಅಂಗಡಿಯಲ್ಲಿ ಸಿಗತ್ತೆ. ಕ್ವಿಕ್ ರಿಲೀಸ್ ಹಬ್ಬೇ ಬೇಕು, ಆಕ್ಸಲ್ ಪೊಳ್ಳಾಗಿರೋದು, ಹೊರ ಅಗಲ 100 ಮಿಮೀ. ಅದನ್ನು 4x2 ಮರದ ಮೇಲಿಟ್ಟು ಹೊಟ್ಟೆಗೆ ಎರಡು ಯು ಬೋಲ್ಟ್ ಹಾಕಿ ಬಿಗಿಯಿರಿ. ಹಬ್ಬಿನ ಚಾಚುಪಟ್ಟಿ ಕೂರೋಕೆ ಮರದಲ್ಲಿ ಎರಡು ಕಚ್ಚು ಉಳಿಯಿಂದ ತೋಡಿದರೆ ತಿರುಗಲ್ಲ. 9 ಮಿಮೀ ಆಕ್ಸಲ್ ತುದಿ ಇರೋದರಿಂದ ಫೋರ್ಕ್ ಅಲ್ಲಾಡದೆ ಕೂರತ್ತೆ. ಬರೀ ಪೈಪ್ ತುಂಡು ಹಾಕಿದವರಿಗೆ ಈ ಸುಖ ಇಲ್ಲ, ಅಲ್ಲಿ 5 ಮಿಮೀ ಕಡ್ಡಿಯ ಮೇಲೆ ಫೋರ್ಕ್ ನೇತಾಡತ್ತೆ.

15 ಮಿಮೀ ಥ್ರೂ ಆಕ್ಸಲ್ಲಿಗೆ ಮಾತ್ರ ಪೈಪೇ ಚೆನ್ನ. ಅರ್ಧ ಇಂಚಿನ ಜಿಐ ಪೈಪ್, ಬಿ ಕ್ಲಾಸ್ (ಮಧ್ಯಮ ದಪ್ಪದ್ದು). ಹೊರ ವ್ಯಾಸ 21.3, ಒಳಗೆ ಸುಮಾರು 16, ಆಕ್ಸಲ್ ಸಲೀಸಾಗಿ ಹೋಗತ್ತೆ. ‘ಗಟ್ಟಿ ಇರಲಿ’ ಅಂತ ಸಿ ಕ್ಲಾಸ್ ತಂದರೆ ಒಳಗೆ 15 ಕೂಡ ಸಿಗಲ್ಲ, ಆಕ್ಸಲ್ ಹೊಸ್ತಿಲಲ್ಲೇ ನಿಲ್ಲತ್ತೆ. ಬಿ ಕ್ಲಾಸಿನ ಒಳಗೂ ವೆಲ್ಡಿಂಗ್ ಏಣು ಉದ್ದಕ್ಕೆ ಇರತ್ತೆ, ಗುಂಡು ಅರದಿಂದ ಉಜ್ಜಿ ತೆಗೆದರೇನೇ ಆಕ್ಸಲ್ ಗೀಚದೆ ಹೋಗೋದು. ಉದ್ದ 100 ಅಥವಾ ಬೂಸ್ಟ್ (ಅಗಲ ಹಬ್ಬಿನ ಮಾದರಿ) ಆದರೆ 110 ಅಂತ ಪುಸ್ತಕದ ಲೆಕ್ಕ ಇದೆ. ಅದನ್ನೇ ನಂಬಿ ಕತ್ತರಿಸಬೇಡಿ. ಹಬ್ ತುದಿ ಕೂರೋಕೆ ಫೋರ್ಕಿನ ಒಳಮುಖದಲ್ಲಿ ಗುಂಡಗಿನ ತಗ್ಗಿರತ್ತೆ, 21.3 ಪೈಪು ಕೆಲವು ಫೋರ್ಕಿನ ತಗ್ಗಿಗೆ ಇಳಿಯಲ್ಲ, ಅಂಚಿನ ಮೇಲೇ ನಿಂತುಬಿಡತ್ತೆ. ಹಾಗಿದ್ದರೆ ತುದಿಗಳನ್ನು ಲೇತ್‌ನಲ್ಲಿ ತೆಳು ಮಾಡಿಸಿ. ವರ್ನಿಯರ್‌ನಲ್ಲಿ ಅಳೆದು ಕತ್ತರಿಸಿ, ಗರಗಸದ ಮುಖ ಅರ ಹಾಕಿ ಚಪ್ಪಟೆ ಮಾಡಿ. ಅರ್ಧ ಮಿಮೀ ವಾರೆ ಇದ್ದರೆ ಬಿಗಿಯುವಾಗ ಫೋರ್ಕ್ ಕಾಲು ತಿರುಚತ್ತೆ.

12 ಮಿಮೀಗೆ ಸರಿಯಾದ ಪೈಪು ಹುಡುಕಿ ಅಲೆಯಬೇಡಿ. 20 ಮಿಮೀ ನೈಲಾನ್ ಅಥವಾ ಅಲ್ಯೂಮಿನಿಯಂ ಸರಳಿಗೆ ಲೇತ್‌ನಲ್ಲಿ 12.2 ಮಿಮೀ ತೂತು ಹೊಡೆಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಗೂಡ್ಸ್ ಗಾಡಿಯಲ್ಲಿ ಇದನ್ನು ಯಾಕೆ ಬೇಡ ಅಂದೆ ಅಂದರೆ, ಮೇಲಿನವರು ಹೇಳಿದ ಎಗರಾಟ ಇಲ್ಲಿ ಪೂರ್ತಿ ಫೋರ್ಕಿನ ತುದಿಗೆ ಬೀಳತ್ತೆ. ಟೈರ್ ಮೇಲೆ ನಿಂತ ಸೈಕಲ್‌ಗೆ ಟೈರೇ ಸ್ಪ್ರಿಂಗು. ಕಾರ್ಬನ್ ಫೋರ್ಕಿನದನ್ನು ಗಾಲಿ ಸಮೇತವೇ ನಿಲ್ಲಿಸಿ.

---

ಡಬಲ್_ಕ್ಯಾಬ್:

ಬಂದೇ ಬಂದೆ ನೋಡಿ. ತೊಟ್ಟಿ ಉದ್ದ 1,550. ಹಳೆ ಹಾಸಿಗೆ ಮಡಚಿ ಹಿಂದಿನ ಡೋರ್ ಮೇಲೆ ಹಾಕಿ, ಮುಂದಿನ ಗಾಲಿ ಆಚೆ ನೇತುಹಾಕಿ ಒಯ್ಯೋ ಪದ್ಧತಿ ಸರೀನಾ, ಫೋರ್ಕ್ ಮೌಂಟೇ ಬೇಕಾ?

---

ಲೇತ್‌ಮನೆ:

ಮೊದಲು ಉದ್ದ ನೋಡಿ. ಗಾಲಿ ಬಿಚ್ಚಿದ ಮೇಲೆ ಬೇಕಾದ ಜಾಗ ಅಂದರೆ ಎರಡು ಆಕ್ಸಲ್ ನಡುವಿನ ದೂರ, ಜೊತೆಗೆ ಹಿಂದಿನ ಗಾಲಿಯ ಅರ್ಧ. ರೋಡ್ ಬೈಕ್ 990 + 340, ಅಂದರೆ 1,330. ಸಲೀಸು. ಈಚಿನ 29 ಇಂಚಿನ ಎಂಟಿಬಿ 1,150 + 370, ಅಲ್ಲಿಗೇ 1,520. ಮರ, ಹಬ್ಬು ಇಡೋಕೆ 30 ಮಿಮೀ ಉಳೀತು, ಸಾಲಲ್ಲ. ಮರವನ್ನು ಓರೆಯಾಗಿಟ್ಟು ಸೈಕಲ್ ಕರ್ಣದಲ್ಲಿ ನಿಲ್ಲಿಸಬೇಕು, ಆಗ ಹಿಡಿಸೋದು ಎರಡೇ.

ಹಾಸಿಗೆ ಪದ್ಧತಿ ಎಂಟಿಬಿಗೆ ಪರವಾಗಿಲ್ಲ. ನಿಮ್ಮ ಗಾಡಿಯ ಡೋರು ದಪ್ಪ, ಅಂಚು ಗುಂಡಗಿದೆ. ಗೂಡ್ಸ್ ಗಾಡಿಯ ತಗಡಿನ ಡೋರಿಗೆ ಮಾತ್ರ ಇದನ್ನು ಮಾಡಬಾರದು. ಬಣ್ಣ ಹೋಗೋದು ಹಾಸಿಗೆ ತೆಳು ಅಂತಲ್ಲ, ಹಾಸಿಗೆಗೂ ಫ್ರೇಮಿಗೂ ನಡುವೆ ಕೂತ ಮಣ್ಣಿನಿಂದ. ಮರಳುಕಾಗದದ ಕೆಲಸ ಮಾಡತ್ತೆ ಅದು. ಫ್ರೇಮಿನ ಕೆಳಪೈಪ್ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಸಿಗೆಗೆ ತೊಳೆದ ಬೆಡ್‌ಶೀಟ್ ಸುತ್ತಿ. ಕೆಳಪೈಪನ್ನು ಡೋರಿಗೆ ಒಂದು ಬೆಲ್ಟಿನಿಂದ ಹಿಡಿಯದಿದ್ದರೆ ಸೈಕಲ್ ಪಕ್ಕಕ್ಕೆ ಜಾರಿ ಇನ್ನೊಂದರ ಮೇಲೆ ಒರಗತ್ತೆ. ಬ್ರೇಕ್ ಕೇಬಲ್ ಕೆಳಪೈಪಿನ ಅಡಿಯಲ್ಲೇ ಹೋಗೋ ಫ್ರೇಮಾದರೆ ಅಲ್ಲಿಗೆ ಟ್ಯೂಬ್ ತುಂಡು ಸುತ್ತಿ. ಹಿಂದಿನ ದೀಪ, ನಂಬರ್ ಪ್ಲೇಟ್ ಗಾಲಿಯಿಂದ ಮರೆಯಾಗಬಾರದು, ಹಿಂದೆ ಹತ್ತು ಹೆಜ್ಜೆ ನಿಂತು ನೋಡಿ.

---

ಗಾಲಿ_ಗೋಜು:

ಗರಗಸದವರ ಚೌಕಟ್ಟೇ ಮಾಡೋದು ಅಂತಾಯ್ತು. ಎರಡು ಅನುಮಾನ. ಮಳೆ ಬಂದರೆ ಟಾರ್ಪಾಲ್ ಹೊದಿಸಬೇಕಾ? ಗಾಡಿ ಖಾಲಿ ಕುಣಿಯೋದಕ್ಕೆ ಮರಳಿನ ಮೂಟೆ ಹಾಕಿದರೆ?

---

ಹುಬ್ಳಿ_ಹ್ಯಾಂಡಲ್:

ಮರಳು ಬ್ಯಾಡ. ಚೀಲದಿಂದ ಸೋರಿದ್ದು ಗಾಳಿಗೆ ಹಾರಿ ಚೈನಿನ ಎಣ್ಣಿಗೆ ಮೆತ್ತಕೋತದ. 20 ಲೀಟರ್ ನೀರಿನ ಕ್ಯಾನ್ ಆರು ಹಾಕ್ರಿ, ಹಿಂದಿನ ಆಕ್ಸಲ್ ಮ್ಯಾಲ ಬರಂಗ, 120 ಕಿಲೋ ಆತು. ಅಲ್ಲಿ ಹೋದ ಮ್ಯಾಲ ಕುಡ್ಯಾಕೂ ಆತು. ಅವನ್ನೂ ಕಟ್ಟಬೇಕು ಮತ್ತ. ಮಂದಿನ್ನ ಕೂಡಿಸಿ ತೂಕ ಮಾಡೂ ವಿಚಾರ ಇದ್ರ ಬಿಡ್ರಿ, ಗೂಡ್ಸ್ ಗಾಡಿ ತೊಟ್ಟಿಯೊಳಗ ಮಂದಿ ಕೂಡೂದು ಕಾಯ್ದೆ ಪ್ರಕಾರ ತಪ್ಪು.

---

ಗರಗಸ_42:

ಟಾರ್ಪಾಲ್ ಹೊದಿಸಬೇಡಿ. ಮಳೆಯಲ್ಲಿ ನೆನೆದ ಸೈಕಲ್ ಒರೆಸಿದರೆ ಆಯ್ತು. 80ರ ವೇಗದಲ್ಲಿ ಪಟಪಟ ಬಡಿಯೋ ಟಾರ್ಪಾಲಿನ ಅಂಚು ಮೂರು ಗಂಟೆಯಲ್ಲಿ ಬಣ್ಣ ಎಬ್ಬಿಸತ್ತೆ. ಸೀಟಿಗೆ ಒಂದೊಂದು ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ, ಸಾಕು.

ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಎಲ್ಲಾ ಮತ್ತೆ ಎಳೆಯಿರಿ. ಹೊಸ ಮರ ಅದುಮಿಕೊಂಡು, ರೀಪರ್ ಕೂತು, ಮೊದಲ ಸಲ ಸಡಿಲ ಆಗೇ ಆಗತ್ತೆ. ಬೆಲ್ಟ್ ಬದಲು ನೈಲಾನ್ ಹಗ್ಗ ಹಾಕಿದ್ದರೆ ಮಳೆ ಬಂದಾಗಲೂ ಒಮ್ಮೆ ನೋಡಿ, ನೆನೆದರೆ ಹಿಗ್ಗತ್ತೆ. ಗೋಡೆಯ ಸಂದಿಗೆ ಬಡಿದ ಆಪು ಹೊರಗೆ ಬಂದಿದ್ದರೆ ಅದನ್ನೂ ಬಡೀರಿ, ಸುತ್ತಿಗೆ ಕ್ಯಾಬಿನ್ನಲ್ಲೇ ಇರಲಿ.

---

ಗಾಲಿ_ಗೋಜು:

ಆಪು ಎಷ್ಟು ಬೇಕು?

---

ಗರಗಸ_42:

ಅಡ್ಡಮರಕ್ಕೆ ಒಂದರಂತೆ ಮೂರು, ಎಲ್ಲಾ ಒಂದೇ ಬದಿಗೆ. ಕಳೆದುಹೋಗೋಕೆ ಇನ್ನೆರಡು.